ಐದನೆಯ ಹುಸೇನಪ್ಪ

೧

ದಿನಾಂಕ ೬ ಜುಲೈ ೨೦೨೫, ರವಿವಾರ. ಹುಸೇನರು: ಅರವತ್ತಮೂರು.

ಕಥೆಯನ್ನು ಹೀಗೆ ಆರಂಭಿಸಬಹುದೇ ಎಂಬುದು ನನ್ನ ಮೊದಲ ಸಂಶಯ. ಮೂವತ್ತೈದು ವರ್ಷ ಗಣಿತ ಕಲಿಸಿದವನಿಗೆ ಬೇರೆ ಆರಂಭ ತಿಳಿಯದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ: ವರ್ಗಾವಣೆಯಾದಲ್ಲೆಲ್ಲ ನನ್ನ ತರಗತಿಯಲ್ಲಿ ಕುಳಿತ ಹುಸೇನರನ್ನು ನೆನಪಿನಿಂದ ಎಣಿಸಿದ್ದೇನೆ. ಹುಸೇನ್, ಹುಸೇನಸಾಬ ಸೇರಿ ಇಪ್ಪತ್ತೈದು. ಹುಸೇನಪ್ಪ ಹನ್ನೆರಡು. ಹುಸೇನಬೀ, ಹುಸೇನಮ್ಮ ಸೇರಿ ಎಂಟು. ಚಿಂಚೋಳಿಯ ತೆಲುಗು ಮಗ್ಗುಲಿನ ಹುಸೇನಪಾಶಾ ಒಂಬತ್ತು. ಗುಲಾಮ್ ಹುಸೇನ್‌ನಂಥ ಜೋಡು ಹೆಸರಿನವರು ಒಂಬತ್ತು. ಕೂಡಿಸಿ ನೋಡಿ. (ನೋಡಿದಿರಾ? ನೋಡದೆ ಮುಂದೆ ಬಂದವರು ಕಥೆಯನ್ನೂ ಹಾಗೆಯೇ ಓದುತ್ತಾರೆ.)

೨

ಮೊದಲ ಕರಡು, ಈಗ ರದ್ದು:

‘ಹುಸೇನ್ ಅರಬ್ಬಿ ಹೆಸರು. ಹಸನ್ ಎಂದರೆ ಒಳ್ಳೆಯದು, ಚೆಲುವಾದದ್ದು. ಹುಸೇನ್ ಅದರ ಮುದ್ದಿನ ರೂಪ. ಕರ್ಬಲಾದಲ್ಲಿ ಮಡಿದ ಪ್ರವಾದಿಯವರ ಮೊಮ್ಮಗನಿಂದಾಗಿ ಈ ಹೆಸರು ದೇಶದೇಶಗಳಿಗೆ ಹರಡಿತು...’

ಇಷ್ಟು ಬರೆದು, ನಿವೃತ್ತ ಉರ್ದು ಮಾಸ್ತರರಾದ ಗೆಳೆಯ ಅಬ್ದುಲ್ ಗನಿಯವರಿಗೆ ತೋರಿಸಿದೆ.

“ಮಾಹಿತಿ ಬರೋಬ್ಬರ್ ಅದರಿ,” ಎಂದರು. “ಇರಾನಿನಾಗ ಹೊಸೇನ್ ಅಂತಾರ, ತುರ್ಕಿಯೊಳಗ ಹುಸೆಯಿನ್. ನಮ್ಮ ಅಳಿಯ ಹುಸೇನಂದು ಆಧಾರಿನಾಗ ಒಂದು ಸ್ಪೆಲಿಂಗ್, ರೇಷನ್ ಕಾರ್ಡಿನಾಗ ಒಂದು, ಮದವಿ ಪತ್ರಿಕಾದಾಗ ಮತ್ತೊಂದು. ಒಬ್ಬ ಅಳಿಯ, ಮೂರು ಮಂದಿ ಹಾಜರಿ!”

“ಕಥೆ ಹೇಗಿದೆ?”

“ಕಥಿ ಎಲ್ಲದ ಮಾಸ್ತರ್ರ? ಇದು ಆರು ಮಾರ್ಕಿನ ಉತ್ತರ.”

ಅವರಿಗೆ ಆರಕ್ಕೆ ಆರು ಕೊಟ್ಟು ಹಾಳೆಯನ್ನು ಹರಿದೆ.

೩

ಕಥೆ ಇರುವುದು ೧೯೮೦ರ ಜೂನ್ ತಿಂಗಳಲ್ಲಿ, ಸೇಡಂ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ. (ಊರಿನ ಹೆಸರು ಬರೆಯುವುದಿಲ್ಲ. ತಪ್ಪು ಊರಿನದಲ್ಲ.) ಒಂದನೆಯ ತರಗತಿಯಲ್ಲಿ ಆಗಲೇ ನಾಲ್ವರು ಹುಸೇನಪ್ಪಂದಿರಿದ್ದರು. ಒಬ್ಬನನ್ನು ಕರೆದರೆ ನಾಲ್ವರೂ ಏಳುತ್ತಿದ್ದರು. ಆಗ ದ್ರೌಪದಿ ಎಂಬ ಕೂಲಿ ಹೆಂಗಸು ಮಗನ ಕೈ ಹಿಡಿದು ಬಂದಳು.

“ಹೆಸರು?”

“ಹುಸೇನಪ್ಪರಿ.”

“ಇವನ ಅಜ್ಜನ ಹೆಸರು?”

“ದೇವಿಂದ್ರಪ್ಪರಿ. ಯಾಕ್ರಿ?”

ದಾಖಲಾತಿ ಪುಸ್ತಕದಲ್ಲಿ ದೇವಿಂದ್ರಪ್ಪ ಎಂದು ಬರೆದೆ. ಹಾಜರಿಗೆ ಅನುಕೂಲ ಎಂದು ವಿವರಿಸಿದೆ. ಅವಳು ಪುಸ್ತಕವನ್ನೊಮ್ಮೆ ನೋಡಿ, ಹೋದಳು. ಆ ಕಾಲದಲ್ಲಿ ಮಾಸ್ತರ ಬರೆದುದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ, ನಾನೂ ಪ್ರಶ್ನಿಸಿಕೊಳ್ಳಲಿಲ್ಲ.

ನನಗೆ ತಿಳಿಯದಿದ್ದುದು ಇಷ್ಟು. ಅವಳ ಮೂರು ಕೂಸುಗಳು ತೊಟ್ಟಿಲಲ್ಲಿಯೇ ಹೋಗಿದ್ದವು. ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗ, ಮೊಹರಮ್ಮಿನಲ್ಲಿ ಪೀರರನ್ನು ಕೂರಿಸುವ ಆಶುರಖಾನೆಗೆ ಹೋಗಿ, ಹುಸೇನ್ ಪೀರನ ಪಂಜಾದ, ಎಂದರೆ ಬೆಳ್ಳಿಯ ಹಸ್ತದ, ಮುಂದೆ ನಿಂತು ಅವಳು ಹರಕೆ ಹೊತ್ತಿದ್ದಳು: ಇದು ಉಳಿದರೆ ಮಂದಿಯ ಬಾಯಿಂದ ನಿನ್ನ ಹೆಸರು ಕರೆಸುತ್ತೇನೆ. ನಮ್ಮ ಸೀಮೆಯಲ್ಲಿ ಎಂದೂ ನಮಾಜು ಮಾಡದ ಮನೆಗಳಲ್ಲಿಯೂ ಹುಸೇನಪ್ಪ ಹುಟ್ಟುವುದು ಹೀಗೆ. ಮನೆಯವರು ಹುಸೇನಪ್ಪ ಎಂದೇ ಕರೆದರೂ ಹರಕೆ ತೀರದು, ತಾಯಿ ಮಂದಿಯಲ್ಲ. ಮಂದಿಯೋ, ಶಾಲೆಯಲ್ಲಿ ಕರೆದಂತೆ ಹೊರಗೂ ದೇವಿಂದ್ರಪ್ಪ ಎಂದೇ ಕರೆದರು.

ಅಂದಿನಿಂದ ಪ್ರತಿ ಮೊಹರಮ್ಮಿಗೆ ಅವಳು ಸಿಹಿಯಾದ ಚೊಂಗೆ ರೊಟ್ಟಿ ಒಯ್ದು, ಪೀರನ ಮುಂದೆ ನಿಂತು, ಒಂದು ವರ್ಷದ ಗಡುವು ಕೇಳುತ್ತ ಬಂದಿದ್ದಾಳೆ. ನಮ್ಮ ಲೆಕ್ಕದಲ್ಲಿ ನಲವತ್ತೈದು ವರ್ಷ. ಮೊಹರಮ್ಮಿನ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು; ಆದ್ದರಿಂದ ಗಡುವು ನಲವತ್ತೇಳು ಸಲ.

ಇದನ್ನು ಅವಳು ನನಗೆ ಹೇಳಿದ್ದು ಕಥೆಯ ಮೊದಲಿಗೆ ಬರೆದ ದಿನಾಂಕದಂದು, ಅಂದರೆ ಈ ಸಲದ ಮೊಹರಮ್ಮಿನ ದಿನ, ಸೇಡಂನ ಆಶುರಖಾನೆಯ ಎದುರು, ನಾನು ಗನಿಯವರ ಜೊತೆ ಹೋಗಿದ್ದಾಗ.

“ನೀವ ಬರದೀರಿ, ನೀವ ತಿದ್ದರಿ ಮಾಸ್ತರ್ರ. ನಂಗ ಎಂಬತ್ತು ದಾಟ್ಯಾವ. ದೇವರ ಸಾಲ ಹೊತಗೊಂಡು ಹೋಗೂದು ನಂಗ ಸೇರಂಗಿಲ್ಲ.”

೪

ಹಳೆಯ ಪುಸ್ತಕ ತಿದ್ದುವ ಅಧಿಕಾರ ನನಗಿಲ್ಲ. ಆದರೆ ಕಥೆಯ ಪುಸ್ತಕ ನನ್ನದು. ಓದುಗರೂ ಮಂದಿಯೇ. ಐನೂರು ಪ್ರತಿ, ಐನೂರು ಬಾಯಿ. ಇದೇ ಉಪಾಯವೆಂದು ಕುಳಿತು ಬರೆದೆ:

‘ಹುಸೇನಪ್ಪನು ಪಾಳಿ ಮುಗಿಸಿ ಮನೆಗೆ ಬಂದನು.’

ಹಾಳೆಯನ್ನು ದ್ರೌಪದಿಯ ಮಗನಿಗೆ ಕಳುಹಿಸಿದೆ. ಎರಡು ದಿನಗಳ ನಂತರ ಆ ಪಾತ್ರ ಸೇಡಂನ ನಮ್ಮ ಮನೆಯ ಬಾಗಿಲಲ್ಲಿ ನಿಂತಿತು. ಐವತ್ತೊಂದು ವರ್ಷ, ಸಿಮೆಂಟ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗ, ಕೋಡ್ಲಾದಲ್ಲಿ ಮನೆ.

“ಸರ, ಇದರಾಗ ಹುಸೇನಪ್ಪ ಯಾರ್ರಿ?”

“ನೀನೇ.”

“ನಂಗ ಕೇಳೀರೇನ್ರಿ?”

“ನಿನ್ನ ತಾಯಿಯ ಹರಕೆ...”

“ಹರಕಿ ಇರ್ಲಿರಿ. ಆವತ್ತು ಕೇಳಲಿಲ್ಲ, ನಾ ಸಣ್ಣಾವ ಇದ್ದೆ. ಇವತ್ತೂ ಕೇಳಲಿಲ್ಲ. ನನ್ನ ಹೆಸರು ಬದ್ಲಿ ಮಾಡೂದು ನಿಮಗ ಚಟ ಆಗ್ಯಾದ ನೋಡ್ರಿ.”

(ಪಾತ್ರಗಳು ಮಾತು ಕೇಳುವುದಿಲ್ಲವೆಂದು ಕಥೆಗಾರರು ಹೆಮ್ಮೆಯಿಂದ ದೂರುತ್ತಾರೆ. ಇಲ್ಲಿ ದೂರುವ ಹಕ್ಕು ಪಾತ್ರದ್ದು.)

“ಕುಂದ್ರು,” ಎಂದೆ. ಕುಳಿತ. ಚಹಾ ಕುಡಿದ.

“ಆ ಹೆಸರಿಗೆ ಹೆಣ್ಣು ಕೊಟ್ಟಾರ್ರಿ. ಆ ಹೆಸರು ಹಿಡದು ಬೈದಾರ, ಆ ಹೆಸರು ಹಿಡದು ಕೈ ಮುಗದಾರ. ನಿಮಗ ಅದು ಹಾಜರಿ ಸಲುವಾಗಿ ಬರದದ್ದು ಇರಬಹುದು. ನಂಗ ಅದು ನಾನ ಆಗ್ಯಾದ.”

ನಾನು ಬರೆದ ಆ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಇಲ್ಲಿಂದ ಮುಂದೆ ಅವನು ದೇವಿಂದ್ರಪ್ಪ. (ಶೀರ್ಷಿಕೆಗೆ ಅವನ ಒಪ್ಪಿಗೆ ಪಡೆದಿದ್ದೇನೆ. ಎರಡು ದಿನ ಹಿಡಿಯಿತು.)

೫

ಓದುಗರು ಆರಿಸಿಕೊಳ್ಳಲೆಂದು ಕೆಲವು ಮುಕ್ತಾಯಗಳನ್ನು ಇಟ್ಟಿದ್ದೆ.

ಅ. ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ಹೆಸರು ಬದಲು. ದೇವಿಂದ್ರಪ್ಪ ಕೇಳುವ ಮೊದಲೇ ಅವನ ತಾಯಿ ಕೇಳಿದಳು: “ಕಾಗದ ಬಾಯಿ ತೆರೀತದೇನ್ರಿ?”

ಆ. ದೇವಿಂದ್ರಪ್ಪನ ಹಸುಗೂಸು ಮೊಮ್ಮಗನಿಗೆ ಆ ಹೆಸರು ಇಡುವುದು. ಕೂಸಿನ ತಾಯಿ, ಅವನ ಸೊಸೆ ಶೈಲಶ್ರೀ ತಕ್ಷಣ ಒಪ್ಪಿದಳು. (ಜಗಳವನ್ನು ನಿರೀಕ್ಷಿಸಿದ್ದವರಲ್ಲಿ ಕ್ಷಮೆ ಕೋರುತ್ತೇನೆ.) ಒಪ್ಪದಿದ್ದವಳು ದ್ರೌಪದಿ: “ಹೊತ್ತದ್ದು ಮಗನ ಮ್ಯಾಲ. ಕೂಸಿನ ತಲಿ ಮ್ಯಾಲ ಯಾಕ ಇಡ್ತೀರಿ?”

ಇ. ದ್ರೌಪದಿ ಶಾಂತಳಾಗಿ ಕಣ್ಣು ಮುಚ್ಚುವುದು. ಇದನ್ನು ಬುಧವಾರ ಬರೆದೆ. ಗುರುವಾರ ಅವಳೇ ಸೇಡಂ ಬಸ್ಸು ಹತ್ತಿ ಬಂದು, “ಕಥಿ ಮುಗೀತೇನ್ರಿ?” ಎಂದು ಕೇಳಿದಳು. ಹಾಳೆಯನ್ನು ಅವಳ ಕಣ್ಣಿಗೆ ಬೀಳದಂತೆ ಮಡಚಿದೆ.

೬

ಕೊನೆಗೆ ದೇವಿಂದ್ರಪ್ಪನನ್ನೇ ಕೇಳಿದೆ. ಕೇಳಬಹುದಾಗಿತ್ತು ಎಂದು ಹೊಳೆಯಲು ನಲವತ್ತೈದು ವರ್ಷ ಬೇಕಾಯಿತು.

“ಕಥಿಯೊಳಗ ಬ್ಯಾಡ್ರಿ,” ಎಂದ. “ಅವ್ವ ಕಟ್ಟಿ ಮ್ಯಾಲ ಕುಂತಿರ್ತಾಳ. ಆಕಿ ಮುಂದ ನೀವು ರೋಡಿನ್ಯಾಗ ನಿಂತು ಬಾಯ್ಬಿಟ್ಟು ಒದರ್ರಿ. ನಾ ‘ಓ’ ಅಂತೀನಿ. ನಿಮಗಷ್ಟ. ಬಾಕಿ ಮಂದಿಗೆ ನಾ ದೇವಿಂದ್ರಪ್ಪನ.”

೩ ಆಗಸ್ಟ್, ಮುಂಜಾನೆ ಹತ್ತು, ಕೋಡ್ಲಾ. ದ್ರೌಪದಿ ಕಲ್ಲಿನ ಕಟ್ಟೆಯ ಮೇಲೆ ಕುಳಿತಿದ್ದಳು. ದೇವಿಂದ್ರಪ್ಪ ಅಂಗಳದಲ್ಲಿ ಬೈಕ್ ಒರೆಸುತ್ತಿದ್ದ.

“ಹುಸೇನಪ್ಪಾ,” ಎಂದೆ. ಅದು ನನಗಷ್ಟೇ ಕೇಳಿಸಿತು.

“ಹುಸೇನಪ್ಪಾ!”

ಅವನು ತಿರುಗಲಿಲ್ಲ. ಒಪ್ಪಂದ ಮರೆತಿದ್ದನೆಂದಲ್ಲ, ಆ ಹೆಸರು ಹೊರಗಿನಿಂದ ಬಂದರೆ ತನಗೆಂದು ಅವನ ಕಿವಿಗೆ ತಿಳಿಯಲಿಲ್ಲ. ಎರಡು ಮನೆ ಆಚೆಯಿಂದ ಒಬ್ಬರು ಬನಿಯನ್ ಹಾಕಿಕೊಳ್ಳುತ್ತ ಹೊರಬಂದರು.

“ಯಾರ್ರಿ? ನಾನ ಹುಸೇನಪ್ಪ. ಏನ್ ಬೇಕಾಗಿತ್ತು?”

“ನಿಮಗಲ್ರಿ ಕಾಕಾ!” ಎಂದು ದೇವಿಂದ್ರಪ್ಪ ನಕ್ಕ. ಕಟ್ಟೆಯ ಮೇಲಿನ ಮುದುಕಿ ನಗಲಿಲ್ಲ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಮೂರನೆಯ ಸಲ ಕರೆದೆ.

“ಓ,” ಎಂದ ದೇವಿಂದ್ರಪ್ಪ, ಕೈಯಲ್ಲಿನ ಅರಿವೆಯನ್ನು ಕೆಳಗಿಟ್ಟು.

ದ್ರೌಪದಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಒಂದು ಬಾಯಿ ಆತು,” ಎಂದಳು.

“ತೀರಿತೇ ದ್ರೌಪದಿಬಾಯಿ?”

“ಮಂದಿ ಅಂದಿದ್ದೆ ಮಾಸ್ತರ್ರ. ನೀವು ಒಬ್ಬರ ಅದೀರಿ.” ಮಗನ ಕಡೆ ನೋಡಿದಳು, ಅವನಿಂದ ಇದಕ್ಕಿಂತ ಹೆಚ್ಚು ಕೇಳಬಾರದೆಂದು ಅವಳಿಗೂ ತಿಳಿದಿತ್ತು. “ಆದ್ರ ನಾ ಇನ್ನ ಗಡುವು ಕೇಳಾಕ ಹೋಗಂಗಿಲ್ರಿ. ದಣದೀನಿ. ಮುಂದಿನ ಮೊಹರಮ್ಮಿಗಿ ನೀವ ಹೋಗ್ರಿ.”

“ಏನೆಂದು ಕೇಳಬೇಕು?”

“ಒಂದು ವರ್ಷ ತಡಿ ಅನ್ರಿ. ಯಾಕ ಅಂತ ಅದಕ ಗೊತ್ತದ.”

೭

ಮುಂದಿನ ಮೊಹರಮ್ ಜೂನ್ ತಿಂಗಳ ಕೊನೆಗೆ ಬರುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಯಾರಿಗೂ ಒಂದು ನಿಮಿಷ ಹೆಚ್ಚು ಕೊಟ್ಟವನಲ್ಲ ನಾನು. ಚೊಂಗೆ ಎಲ್ಲಿ ಮಾಡಿಸಬೇಕೆಂದು ಗನಿಯವರನ್ನು ವಿಚಾರಿಸಿದ್ದೇನೆ. ಕೇಳಿದರೆ ಗಡುವು ಸಿಗುವುದೋ ಇಲ್ಲವೋ ತಿಳಿಯದು. ಸಿಕ್ಕರೂ ಅದು ಒಂದೇ ವರ್ಷದ್ದು. ಅದೂ ಹನ್ನೊಂದು ದಿನ ಕಡಿಮೆ.

ಆದ್ದರಿಂದ ಈ ಕಥೆಯನ್ನು ಮುಗಿಸುವ ಅಧಿಕಾರ ನನಗಿಲ್ಲ. ಸಾಲ ಈಗ ನನ್ನ ಹೆಸರಿನಲ್ಲಿದೆ.