ಆವಾಜಿಲ್ಲದ ಹನ್ನೊಂದು ನಿಮಿಷ

ಶಹಾಬಾದಿನ ಕಾಶೀನಾಥನಿಗೆ ಮದುವೆಯ ವಿಡಿಯೋ ತೆಗೆಯುವುದು ಬಿಟ್ಟರೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಅಂಥವನು ಒಮ್ಮೆಲೇ ಸಿನಿಮಾ ಮಾಡುತ್ತೇನೆಂದು ಹೊರಟರೆ ಓಣಿಯ ಮಂದಿ ನಗದೆ ಬಿಡುತ್ತಾರೆಯೇ? ಅದೂ ಎಂಥ ಸಿನಿಮಾ! ಹಾಡಿಲ್ಲ, ಹೊಡೆದಾಟವಿಲ್ಲ. ಸತ್ತ ಮಗಳು ಒಳಗಿನ ಕೋಣೆಯಲ್ಲೇ ಇದ್ದಾಳೆಂದು ನಂಬಿದ ಒಬ್ಬ ತಾಯಿ ಮುಚ್ಚಿದ ಬಾಗಿಲಿನ ಜೊತೆ ಮಾತಾಡುತ್ತಾಳೆ, ಅಷ್ಟೇ. ಹದಿನೈದು ನಿಮಿಷದ್ದು. ತನ್ನದೇ ಮನೆ, ತನ್ನದೇ ಕ್ಯಾಮೆರಾ, ಲೈಟು ಮಾತ್ರ ವಾಡಿಯ ಗೆಳೆಯ ಮತೀನನ ಸ್ಟುಡಿಯೋದ್ದು. ಖರ್ಚೆಂದರೆ ಚಹಾ, ಚುರುಮುರಿಯ ಸುಸಲಾ, ಮಿರ್ಚಿ ಭಜಿ.

ನಗುವವರಿಗೇನು ಗೊತ್ತು? ಆ ಪುಣ್ಯಾತ್ಮನಿಗೆ ಬೇಕಾಗಿದ್ದದ್ದು ಸಿನಿಮಾ ಅಲ್ಲವೇ ಅಲ್ಲ. ಹೆಂಡತಿಯ ಬಾಯಿಂದ ಒಂದು ಮಾತು ಬೇಕಾಗಿತ್ತು.

ಮೂರು ವರ್ಷದ ಹಿಂದೆ ಸೇಡಂ ಕಡೆಯ ಒಂದು ಜೋಡಿಯ ಪ್ರೀ-ವೆಡ್ಡಿಂಗ್ ಶೂಟಿಂಗಿಗೆಂದು ಚಂದ್ರಂಪಳ್ಳಿ ಡ್ಯಾಮಿಗೆ ಹೋದಾಗ ಏಳು ವರ್ಷದ ಮಗಳು ಸಮೃದ್ಧಿಯನ್ನೂ ಕರೆದೊಯ್ದಿದ್ದ. ಇವನ ಕಣ್ಣು ಕ್ಯಾಮೆರಾದಲ್ಲಿ. ಮದುಮಗಳ ಸೆರಗು ಗಾಳಿಗೆ ಹಾರಲಿ ಎಂದು ಕಾಯುತ್ತಿದ್ದ. ಸೆರಗು ಹಾರಿತು, ಚಂದವೇ ಬಂತು, ತಿರುಗಿ ನೋಡಿದರೆ ಮಗಳಿಲ್ಲ. ನೀರಿನಿಂದ ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವತ್ತಿನಿಂದ ಹೆಂಡತಿ ಭಾಗ್ಯಶ್ರೀ ಅದರ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ರೊಟ್ಟಿ ಆಗ್ಯಾವ, ನಳ ಬಂತು, ಇಷ್ಟೇ ಮಾತು. ನಿನ್ನಿಂದಲೇ ಹೋಯಿತು ಕೂಸು ಎಂದು ಒಮ್ಮೆ ಬೈದಿದ್ದರೆ ಕಾಲಿಗೆ ಬಿದ್ದು ಹಗುರಾಗುತ್ತಿದ್ದ. ಬೈಯಲಿಲ್ಲ. ಅವಳು ಮನಸ್ಸಿನಲ್ಲಿ ತನ್ನನ್ನು ಏನೆಂದುಕೊಂಡಿದ್ದಾಳೆ ಎನ್ನುವುದೊಂದೇ ಅವನನ್ನು ಹಗಲೂ ರಾತ್ರಿ ತಿನ್ನುತ್ತಿತ್ತು. ಮನೆಯಲ್ಲೇ ಒಬ್ಬ ತಾಯಿ ಬಾಗಿಲಿನ ಮುಂದೆ ನಿಂತು ಮಾತಾಡುವುದನ್ನು ಕಂಡರಾದರೂ ಇವಳು ಬಾಯಿ ಬಿಟ್ಟಾಳು ಎಂಬ ಆಸೆಯಿಂದ ಆ ಕಥೆ ಬರೆದಿದ್ದ.

ತಾಯಿಯ ಪಾತ್ರಕ್ಕೆ ಚಿತ್ತಾಪುರದಿಂದ ಶಗುಫ್ತಾ ಬಂದಿದ್ದಳು. ಶಾಲೆಯ ಟೀಚರು, ಕಾಲೇಜಿನಲ್ಲಿ ನಾಟಕ ಆಡಿದವಳು. ಮಾತಿಲ್ಲದ ದೃಶ್ಯಗಳು ಎರಡು ದಿನದಲ್ಲಿ ಮುಗಿದವು. ಮೂರನೆಯ ಬೆಳಿಗ್ಗೆ ಬಾಗಿಲಿನ ದೃಶ್ಯ. ಮತೀನ ತನ್ನ ಫೋನಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ ಕೊಟ್ಟ. ಶಗುಫ್ತಾ ಅದನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ಸಣ್ಣ ಮೈಕನ್ನು ಸೆರಗಿಗೆ ಹಚ್ಚಿಕೊಂಡಳು. ಬಾಗಿಲಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಅಡಿಗೆಮನೆಯಿಂದ ಭಾಗ್ಯಶ್ರೀ ಬಂದು ನಿಂತಳು. ಕೈಯೆಲ್ಲ ಜೋಳದ ಹಿಟ್ಟು.

“ಹಂಗ ಯಾರೂ ಅಳಂಗಿಲ್ಲ ಬಿಡ್ರಿ,” ಎಂದಳು. “ಎಲ್ಲಾರೂ ಹೊರಗ ನಡೀರಿ. ನಾ ಮಾಡ್ತೀನಿ.”

ಶಗುಫ್ತಾ, ಮತೀನ ಹೊರಗೆ ನಡೆದರು. ಕಾಶೀನಾಥ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಕೆಂಪು ದೀಪ ಹತ್ತಿದೆಯೋ ಇಲ್ಲವೋ ಎಂದು ಎರಡೆರಡು ಸಲ ನೋಡಿದ.

“ನೀವೂ ನಡೀರಿ,” ಎಂದಳು ಗಂಡನಿಗೆ. “ಆಮ್ಯಾಲ ಒಬ್ಬರ ಕುಂತು ನೋಡ್ರಿ.”

ಹೊರಗೆ ಫರ್ಸಿ ಕಲ್ಲಿನ ಕಟ್ಟೆಯ ಮೇಲೆ ಕೂತು ಅವನು ಕೂಸಿನಂತೆ ಅತ್ತ. ಮತೀನ ಚಹಾ ತರಿಸಿದ. ಕಡೆಗೆ ಬಾಗಿಲು ತೆರೆಯಿತು.

“ಆತು,” ಎಂದಳು ಭಾಗ್ಯಶ್ರೀ. “ಹೇಳೋದು ಎಲ್ಲಾ ಹೇಳೀನಿ.” ಹೋಗಿ ಮತ್ತೆ ಹಿಟ್ಟು ನಾದತೊಡಗಿದಳು.

ಕಾಶೀನಾಥ ಲ್ಯಾಪ್‌ಟಾಪ್ ತೆರೆದು ಕೂತ. ಹನ್ನೊಂದು ನಿಮಿಷದ ವಿಡಿಯೋ. ಅವಳು ಬಾಗಿಲಿನತ್ತ ನೋಡಿಯೇ ಇರಲಿಲ್ಲ. ಕ್ಯಾಮೆರಾದ ಮುಂದೆ ನೆಲಕ್ಕೆ ಕೂತು, ನೆಟ್ಟಗೆ ಇವನ ಕಣ್ಣಲ್ಲೇ ಕಣ್ಣಿಟ್ಟಂತೆ ಮಾತಾಡಿದ್ದಳು. ತುಟಿ ಅಲುಗುತ್ತಿತ್ತು. ಆವಾಜಿರಲಿಲ್ಲ. ಸ್ಪೀಕರ್ ಏರಿಸಿದ, ಹೆಡ್‌ಫೋನ್ ಹಾಕಿದ. ಇಲ್ಲ.

ಹದಿನಾಲ್ಕು ವರ್ಷ ಮದುವೆ ತೆಗೆದವನ ಚಾಳಿ ಅದು. ಬ್ಯಾಂಡಿನ ಗದ್ದಲ, ಬೀಗರ ಜಗಳ ಯಾರಿಗೆ ಬೇಕು? ಹೇಗೂ ಮೇಲೊಂದು ಸಿನಿಮಾ ಹಾಡು ಹಾಕುವುದೇ. ಹಾಗಾಗಿ ಕ್ಯಾಮೆರಾ ಕೊಂಡ ದಿನವೇ ಅದರ ಆವಾಜು ಬಂದ್ ಮಾಡಿಟ್ಟಿದ್ದ, ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಇನ್ನು ಮೈಕು? ಅದು ಶಗುಫ್ತಾಳ ಸೆರಗಿನಲ್ಲೇ ಹೊರಗೆ ಬಂದಿತ್ತು. ಫೋನಿನ ರೆಕಾರ್ಡಿಂಗಿನಲ್ಲಿ ಮತೀನ ಚಹಾ ಹೇಳಿದ್ದು, ಓಣಿಯಲ್ಲಿ ಆಟೋ ಹೋದದ್ದು, ಕಾಶೀನಾಥ ಬಿಕ್ಕಿದ್ದು ಎಲ್ಲ ಸ್ವಚ್ಛವಾಗಿ ಕೇಳುತ್ತಿತ್ತು.

“ಶಗುಫ್ತಾನ ಕಡಿಂದ ಡಬ್ಬಿಂಗ್ ಮಾಡ್ಸಿದ್ರಾತು,” ಎಂದ ಮತೀನ.

ಏನಂತ ಮಾಡಿಸುವುದು? ತುಟಿ ನೋಡಿದರೆ, ತಾನು ಬರೆದ ಒಂದು ಮಾತನ್ನೂ ಭಾಗ್ಯಶ್ರೀ ಆಡಿದಂತಿರಲಿಲ್ಲ. ಮೂರು ವರ್ಷಕ್ಕೆ ಒಮ್ಮೆ ಬಾಯಿ ಬಿಟ್ಟವಳ ಮುಂದೆ ಹೋಗಿ, ಇನ್ನೊಮ್ಮೆ ಹೇಳು ಎನ್ನಲು ಯಾವ ಮುಖ ಇಟ್ಟುಕೊಂಡು ಹೋಗುವುದು?

ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಅವಳೇ ಕೇಳಿದಳು. “ಕೇಳಿದ್ರೇನು?”

“ಕೇಳೀನಿ,” ಎಂದುಬಿಟ್ಟ.

“ಎಲ್ಲಾ?”

“ಎಲ್ಲಾ.”

“ಮತ್ತ?”

ಬೈದಿರುತ್ತಾಳೆ, ಇನ್ನೇನು? ಬೈಸಿಕೊಳ್ಳುವುದಕ್ಕೆ ತಾನು ಲಾಯಕ್ಕಾದವನೇ.

“ನೀ ಹೇಳಿದ್ದು ಖರೇ ಅದ ಭಾಗ್ಯಾ,” ಎಂದ. “ಅಕ್ಷರ ಅಕ್ಷರ ಖರೇ.”

ಅವಳು ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು. ಕಾಶೀನಾಥನಿಗೋ, ತಪ್ಪು ಒಪ್ಪಿಕೊಂಡೆನಲ್ಲ ಎಂಬ ಸಮಾಧಾನ. ಎಷ್ಟೋ ದಿನದ ಮೇಲೆ ಅವನಿಗೆ ಅವತ್ತು ಕಣ್ತುಂಬ ನಿದ್ದೆ ಬಂತು. ಅಯ್ಯೋ ಹುಚ್ಚಪ್ಪಾ!

ಮರುದಿನ ಬೆಳಿಗ್ಗೆ ಭಾಗ್ಯಶ್ರೀ ಬ್ಯಾಗು ಹಿಡಿದು ಬಾಗಿಲಲ್ಲಿದ್ದಳು.

“ಚಿಂಚೋಳಿಗಿ ಹೊಂಟೀನಿ, ಅಣ್ಣನ ಮನಿಗಿ. ಮತ್ತ ಬರಂಗಿಲ್ಲ.”

“ಯಾಕ? ನಾ ತಪ್ಪ ಒಪ್ಪಿಕೊಂಡೆನಲ್ಲ!”

“ನಿಮ್ಮ ತಪ್ಪ ಅಂತ ಯಾರಂದ್ರು?” ಅವಳ ದನಿ ಒಡೆಯಿತು. “ಅವತ್ತ ನೀವು ಬ್ಯಾಡ ಅಂದ್ರೂ ಕೇಳ್ದೆ ಕೂಸಿಗಿ ನಿಮ್ಮ ಬೆನ್ನಿಗಿ ಹಚ್ಚಿದಾಕಿ ನಾ. ಕೂಸಿಗಿ ಕೊಂದಾಕಿ ನಾನೇ ಅಂತ ಹೇಳೀನಿ. ನಿಮಗ ಹಂಗ ಅನಸಲಿಲ್ಲಂದ್ರ ಒಂದ ಸಲ ಇಲ್ಲ ಅನ್ರಿ, ಅಷ್ಟಾದ್ರ ನಾ ಬದುಕ್ತೀನಿ ಅಂತ ಕೇಳೀನಿ. ಅಕ್ಷರ ಅಕ್ಷರ ಖರೇ ಅಂದ್ರಿ ನೀವು.”

ಕಾಶೀನಾಥ ಅವಳ ಕೈಯಿಂದ ಬ್ಯಾಗು ಕಸಿದು ಕೆಳಗಿಟ್ಟ.

“ಭಾಗ್ಯಾ, ಆವಾಜೇ ಬಂದಿಲ್ಲ! ನಾ ಏನೂ ಕೇಳಿಲ್ಲ, ಸುಳ್ಳ ಹೇಳೀನಿ!”

ಓಡಿಹೋಗಿ ಲ್ಯಾಪ್‌ಟಾಪ್ ತಂದು ಹೊಸ್ತಿಲ ಮೇಲಿಟ್ಟು ವಿಡಿಯೋ ಹಚ್ಚಿದ. ಅಲುಗುವ ತನ್ನದೇ ತುಟಿಗಳನ್ನು ಅವಳು ತುಸು ಹೊತ್ತು ನೋಡಿದಳು.

“ಆವಾಜ ತೆಗೀಲಿಕ್ಕಿ ನಿಮಗ ಎಷ್ಟೊತ್ತರಿ?” ಎಂದಳು. ಸಿಟ್ಟೂ ಇರಲಿಲ್ಲ ದನಿಯಲ್ಲಿ. “ಮದುವ್ಯಾಗ ಮಂದಿ ಅತ್ತಿದ್ದು, ಜಗಳಾಡಿದ್ದು ಎಲ್ಲಾ ತೆಗೆದು ಹಾಡ ಹಾಕ್ತೀರಿ. ಬಾಜೂಕ ಕುಂತು ನೋಡೀನಲ್ಲ ನಾ.”

“ಕೂಸಿನ ಆಣಿ ಮಾಡಿ ಹೇಳ್ತೀನಿ!”

“ಆಕಿ ಆಣಿ ಮಾಡಬ್ಯಾಡ್ರಿ,” ಎಂದಳು. “ನೀವು ನಿನ್ನಿ ಅಂದಿದ್ದೇ ಖರೇ. ನನಗೂ ಗೊತ್ತಿತ್ತು.”

ಬ್ಯಾಗು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಕಾಶೀನಾಥ ಬರಿಗಾಲಲ್ಲಿ ಅವಳ ಹಿಂದೆ ಓಡುತ್ತ, ಇಲ್ಲ ಭಾಗ್ಯಾ, ಇಲ್ಲ, ಇಲ್ಲ ಎಂದು ಕೂಗಿದ. ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದು ನಿಂತು ಕೇಳಿದರು. ಅವಳು ತಿರುಗಿ ನೋಡಲಿಲ್ಲ.