ಸಿಗಡಿಯ ಜ್ವರ

ಬೆರಳಿನಲ್ಲಿ ಗಾಯವಿದೆಯೆಂದು ಬೇಬಿಯನ್ನು ಸಿಗಡಿ ಸುಲಿಯುವ ಮೇಜಿನಿಂದ ಎಬ್ಬಿಸಿ ಮನೆಗೆ ಕಳಿಸಿದರು. ಮತ್ತೆ ಕರೆಯಲಿಲ್ಲ.

ನಾನು ಒಂದು ಥರ್ಮಾಮೀಟರ್. ಡಾಕ್ಟರು ನಾಲಿಗೆಯಡಿ ಇಡುವ ಗಾಜಿನ ಕಡ್ಡಿಯಲ್ಲ. ಉಕ್ಕಿನ ಸೂಜಿ, ತಲೆಯಲ್ಲಿ ಅಂಕಿ ತೋರಿಸುವ ಪುಟ್ಟ ಕಿಟಕಿ. ಹುಟ್ಟಿದ ಕೂಡಲೇ ಕರಗುವ ಐಸಿನಲ್ಲಿ ಅದ್ದಿದರು. ಸೊನ್ನೆ ಅಂದೆ, ಪಾಸಾದೆ.

ಮೊದಲು ನನ್ನನ್ನು ಕೊಂಡದ್ದು ಕರಾವಳಿಯ ಒಂದು ಸಂಶೋಧನಾಲಯ. ಅಲ್ಲಿನ ವಿಜ್ಞಾನಿಗಳು ನನ್ನನ್ನು ಸಿಗಡಿಯ ಬೆನ್ನಿಗೆ ಚುಚ್ಚಿ ಚುಚ್ಚಿ, ಎಷ್ಟು ತಣ್ಣಗಿಟ್ಟರೆ ಎಷ್ಟು ದಿನ ಕೆಡುವುದಿಲ್ಲವೆಂದು ಕಂಡುಹಿಡಿದರು. ಒಳ್ಳೆಯ ಕೆಲಸವೇ. ಕೆಟ್ಟ ಸಿಗಡಿ ತಿಂದು ಯಾರೂ ಸಾಯಬಾರದಲ್ಲ. ಬಲೆಯಿಂದ ಪರದೇಶಕ್ಕೆ ಒಯ್ಯುವ ಹಡಗಿನವರೆಗೆ ಸಿಗಡಿ ಐಸಿನಲ್ಲೇ ಇರಬೇಕು ಎಂದು ತೀರ್ಮಾನವಾಯಿತು. ನಾನೂ ಬೀಗಿದೆ. ಐಸಿನಲ್ಲಿರುವ ಸಿಗಡಿಯನ್ನು ಸುಲಿಯುವ ಕೈ ಎಲ್ಲಿರಬೇಕು ಎಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ.

ಸಂಶೋಧನೆ ಮುಗಿದ ಮೇಲೆ ಕುಂದಾಪುರದಾಚೆಯ ಒಂದು ಸಿಗಡಿ ಫ್ಯಾಕ್ಟರಿಗೆ ಬಂದೆ. ಲ್ಯಾಬಿನ ಉಮಾನಾಥ ನನ್ನ ಒಡೆಯ, ಅವನ ಬಿಳಿ ಕೋಟಿನ ಜೇಬು ನನ್ನ ಮನೆ. ಶೆಡ್ಡಿನಲ್ಲಿ ಹೆಂಗಸರು ದಿನವಿಡೀ ನಿಂತೇ ಇರುತ್ತಾರೆ, ಕೈ ಐಸುನೀರಿನ ತೊಟ್ಟಿಯಲ್ಲಿ. ಸಿಗಡಿಯ ತಲೆಯ ಮುಳ್ಳು ಚುಚ್ಚುತ್ತದೆ, ಕ್ಲೋರಿನ್ ಉರಿಸುತ್ತದೆ, ಐಸು ಗಾಯವನ್ನು ಮಾಯಲು ಬಿಡುವುದಿಲ್ಲ. ಬೆರಳಿಗೆ ಬಟ್ಟೆ ಸುತ್ತುವಂತಿಲ್ಲ. ಬಟ್ಟೆಯ ಒಂದು ನೂಲು ಸಿಗಡಿಗೆ ಸೇರಿದರೆ ಮಾಲು ವಾಪಸ್ಸು. ಕೈಗವಸು ಕೊಡುವುದಿಲ್ಲ, ಕೆಲಸ ನಿಧಾನವಾಗುತ್ತದಂತೆ.

ಉಮಾನಾಥ ನನ್ನನ್ನು ಸಿಗಡಿಗೆ ಚುಚ್ಚುವಾಗಲೆಲ್ಲ ಬೇಬಿ ಕೆಣಕುತ್ತಿದ್ದಳು. ಅವಳ ಊರಮಾತಿನಲ್ಲಿ ಸಿಗಡಿಯೆಂದರೆ ಚಟ್ಲಿ.

“ಚಟ್ಲಿಗ್ ಜ್ವರ ಬಂದಿತ್ತಾ ಡಾಕ್ಟ್ರೇ?”

“ಬಾಯ್ ಮುಚ್ಕಂಡ್ ಸುಲಿ ಹೆಣ್ಣೇ.”

“ನನ್ ಬೆರಳಿಗೂ ಒಂದ್ ಸಲ ಚುಚ್ಚಿ ಕಾಣಿ. ಜೀವ ಇತ್ತಾ ಇಲ್ಯಾ ಗೊತ್ತಾತ್ತ್.”

ಶೆಡ್ಡೆಲ್ಲ ನಕ್ಕಿತು. ಉಮಾನಾಥ ನನ್ನನ್ನು ಒರೆಸಿ ಜೇಬಿಗಿಳಿಸಿದ. ಸಿಗಡಿಯ ಮೈ ಚೂರು ಬಿಸಿಯಾದರೆ ಮ್ಯಾನೇಜರೇ ಓಡಿ ಬರುತ್ತಾನೆ. ಬೇಬಿಯ ಬೆರಳಲ್ಲಿ ಕೀವು ತುಂಬಿದಾಗ ಬಂದದ್ದು ಹತ್ತಿ ಸುತ್ತಿದ ಕಡ್ಡಿ.

ಅದು ಹೊಸ ನಿಯಮ. ಗಾಯದ ಕ್ರಿಮಿ ಸಿಗಡಿಗೆ ಸೇರಿದರೆ ತಿಂದವರಿಗೆ ವಾಂತಿಯೆಂದು ಸಂಶೋಧನೆ ಹೇಳಿತ್ತು, ಸುಳ್ಳಲ್ಲ. ಹಾಗಾಗಿ ಮಾಲು ಹೊರಡುವ ಮೊದಲು ಹೆಂಗಸರ ಕೈಗಳನ್ನು ಕಡ್ಡಿಯಿಂದ ಉಜ್ಜಿ ಪರೀಕ್ಷಿಸಬೇಕು. ಮೊದಲು ಉಜ್ಜಿದ್ದು ಬೇಬಿಯ ಕೈ. ಕ್ರಿಮಿ ಸಿಕ್ಕಿತು. ಆಮೇಲಿನದನ್ನು ಹೇಳಿದೆನಲ್ಲ.

ಉಳಿದವರ ಕೈಗಳೂ ಹಾಗೇ ಇದ್ದವು. ಎಲ್ಲರನ್ನೂ ಉಜ್ಜಿದರೆ ಶೆಡ್ಡು ಖಾಲಿ. ಉಮಾನಾಥ ಉಪಾಯ ಹೂಡಿದ: ಹೊಸದಾಗಿ ಸೇರಿದವಳೊಬ್ಬಳ ಹಸನಾದ ಕೈಗೇ ಎಲ್ಲ ಕಡ್ಡಿಗಳನ್ನೂ ಉಜ್ಜಿ, ಒಂದೊಂದಕ್ಕೆ ಒಬ್ಬೊಬ್ಬರ ಹೆಸರು ಅಂಟಿಸುವುದು. ಆ ಕೈ ಒಡೆದ ಮೇಲೆ ಇನ್ನೊಬ್ಬ ಹೊಸಬಳು. ಬಹಳ ಶುಚಿಯಾದ ಶೆಡ್ಡು ಎಂದು ಫ್ಯಾಕ್ಟರಿಗೆ ಹೊಗಳಿಕೆಯೂ ಬಂತು.

ನನಗೆ ವಯಸ್ಸಾಗಿದೆ. ಇದ್ದದ್ದಕ್ಕಿಂತ ಎರಡು ಡಿಗ್ರಿ ತಣ್ಣಗೆ ಹೇಳುತ್ತೇನೆ. ಗುಜರಿಗೆ ಹೋಗಬೇಕಿತ್ತು, ಬೆಚ್ಚಗಾದ ಮಾಲನ್ನೂ ಪಾಸು ಮಾಡಿಸುವ ಆ ಎರಡು ಡಿಗ್ರಿಯ ದೆಸೆಯಿಂದಲೇ ಇಟ್ಟುಕೊಂಡಿದ್ದಾರೆ. ಇಲ್ಲಿ ಸುಳ್ಳು ಹೇಳುವವರಿಗೆ ನಿವೃತ್ತಿಯಿಲ್ಲ.

ನಿನ್ನೆ ಬೇಬಿಯ ನಾದಿನಿ ಶ್ಯಾಮಲಾ ಕೆಲಸಕ್ಕೆ ಸೇರಿದಳು. ಬೇಬಿ ಬೆರಳು ಮಡಚಲಾರದೆ ಮನೆಯಲ್ಲಿ ಕೂತಿದ್ದಾಳೆ. ಒಲೆ ಉರಿಯಲು ಈಗ ಇವಳ ಕೈಯೇ ಗತಿ. ಇವತ್ತು ಉಮಾನಾಥ ಕಡ್ಡಿಗಳ ಕಟ್ಟು ಹಿಡಿದು ಅವಳ ಮುಂದೆ ನಿಂತ.

“ಕೈ ಕೊಡ್.”

ಕೊಟ್ಟಳು. ಒಂದು ಕಡ್ಡಿ ಉಜ್ಜಿ ಇನ್ನೊಂದನ್ನು ತೆಗೆದ. ಅವಳು ಕೈ ಎಳೆದುಕೊಂಡಳು.

“ಅದ್ ಯಾರದ್ದ್?”

“ಮುತ್ತಕ್ಕನದ್ದ್. ನಿಂಗ್ಯಾಕೆ?”

“ಮುತ್ತಕ್ಕ ಅಲ್ಲೇ ನಿಂತ್ಕಂಡಿದ್ರಲ್ದಾ. ಅವ್ರ ಕೈ ಉಜ್ಜಿ.”

“ಉಜ್ಜಿರೆ ಅವ್ರೂ ಮನಿಗ್ ಹೋಯ್ಕ್, ನಿನ್ ಅತ್ತಿಗೆ ಹಾಂಗೆ. ಎಲ್ಲರೂ ಹೋಯ್ಕ್. ಇಷ್ಟ್ ಜನರ ಅನ್ನಕ್ಕೆ ಕಲ್ಲ್ ಹಾಕ್ತ್ಯಾ ನೀನ್?”

ಸುಲಿಯುವ ಸದ್ದು ನಿಂತಿತು. ಶ್ಯಾಮಲಾ ಮುಖ ಸಪ್ಪಗಾಗಿ ಮುತ್ತಕ್ಕನ ಕಡೆ ನೋಡಿದಳು. ಶೆಡ್ಡಿನ ಹಿರಿಯಳಾದ ಮುತ್ತಕ್ಕ ತೊಟ್ಟಿಯಿಂದ ಎರಡೂ ಕೈ ಎತ್ತಿ, ಒಡೆದ ಬೆರಳುಗಳನ್ನು ಬೆಳಕಿಗೆ ಹಿಡಿದಳು. ಪಕ್ಕದವಳು ಎತ್ತಿದಳು. ಅವಳ ಪಕ್ಕದವಳೂ.

“ಎಲ್ಲರನ್ನೂ ಹೊರ್ಗ್ ಹಾಕಿ,” ಎಂದಳು ಶ್ಯಾಮಲಾ. “ಚಟ್ಲಿ ಯಾರ್ ಸುಲೀತ್ರ್ ಕಾಂಬ.”

“ಕಡೇ ಸಲ ಹೇಳ್ತೆ. ಕೈ ಕೊಡ್.”

“ಕೊಡುದಿಲ್ಲೆ.”