ಬಿಸಿಯಾದ ಮೇಲೆ ಏರುವ ಮುಳ್ಳು

"ಆಫ್ ಮಾಡಿ ಅತ್ತಿಗೆ, ಮೊದ್ಲು ಆಫ್ ಮಾಡಿ!"

ವ್ಯಾನಿನ ಗಾಜು ಒರೆಸಲು ಬಂದಿದ್ದ ನಾದಿನಿ ಕಿಟಕಿಯಿಂದ ಇಣುಕಿ ಕೂಗಿದಳು. ಅತ್ತಿಗೆ ಕೀಲಿ ತಿರುಗಿಸಿದಳು. ಎಂಜಿನ್ ಒಮ್ಮೆ ಮೈ ಕೊಡವಿಕೊಂಡು ಸುಮ್ಮನಾಯಿತು. ಆಯಿಲ್ ಒತ್ತಡ ತೋರಿಸುವ ಮುಳ್ಳು ಕೆಳಗಿನ ಕೆಂಪು ಗೆರೆ ಬಿಟ್ಟು ಎದ್ದೇ ಇರಲಿಲ್ಲ.

"ಚಳಿಗೆ ಹಾಗಿರುತ್ತೇನೋ," ಎಂದಳು ಅತ್ತಿಗೆ.

"ಚಳಿಗೆ ಆಯಿಲ್ ಜೇನಿನ ಥರ ಮಂದ ಆಗುತ್ತೆ. ಒತ್ತಡ ಜಾಸ್ತಿ ತೋರಿಸ್ಬೇಕು, ಕಮ್ಮಿಯಲ್ಲ. ಇದೇನೋ ಉಲ್ಟಾ ಹೊಡೀತಿದೆ." ನಾದಿನಿ ಆಗಲೇ ತೋಳು ಮಡಚಿ ಬಾನೆಟ್ ಎತ್ತಿದ್ದಳು.

ಮಾರನೆಯ ದಿನ ಅತ್ತೆಯನ್ನು ಘಾಟಿಯಾಚೆಯ ಕಣ್ಣಾಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಅತ್ತೆ ದರ್ಜಿ; ಊರಿನ ಅರ್ಧ ಜನರ ಅಳತೆ ಆಕೆಗೆ ಬಾಯಿಪಾಠ. ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗೆ ಸರಿಸಿದ್ದರು. ಆಪರೇಷನ್ನಿಗೆ ದಿನ ಸಿಕ್ಕಿದ್ದು ಬಹಳ ಕಾದ ಮೇಲೆ. ಮಗ ಹಡಗಿನಲ್ಲಿ ಅಡುಗೆಯವನು, ಬೇಸಿಗೆಯವರೆಗೆ ಬರುವಂತಿಲ್ಲ. ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟುವುದರಿಂದ ಘಾಟಿಗೆ ಬಸ್ಸು ಹತ್ತುವುದಿಲ್ಲ. ಮೆಕ್ಯಾನಿಕ್ ಆದ ಮಗಳು, ಅಂದರೆ ಈ ನಾದಿನಿ, ಯಾವ ಗಾಡಿಯನ್ನಾದರೂ ಬಿಚ್ಚಿ ಜೋಡಿಸಬಲ್ಲಳು, ಆದರೆ ಲೈಸೆನ್ಸ್ ಪರೀಕ್ಷೆಗೆ ಹೋದಾಗಲೆಲ್ಲ ಹಿಂದಕ್ಕೆ ಬರುವಾಗ ಕಂಬಕ್ಕೆ ಗುದ್ದಿ ಬಂದಿದ್ದಳು. ಉಳಿದವಳು ಸೊಸೆ. ಆಕೆ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಿದ್ದಳು.

ಕಳೆದ ಚಳಿಗಾಲದಲ್ಲಿ, ಖಾಲಿ ವ್ಯಾನ್ ಹೊಡೆದುಕೊಂಡು ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಚಕ್ರ ಮಂಜುಗಡ್ಡೆಯ ಮೇಲೆ ಜಾರಿತ್ತು. ವ್ಯಾನ್ ನಿಂತಾಗ ಮುಂದಿನ ಒಂದು ಚಕ್ರ ರಸ್ತೆಯಿಂದ ಹೊರಗೆ ಗಾಳಿಯಲ್ಲಿತ್ತು. ಒಂದು ಗೀರೂ ಆಗಲಿಲ್ಲ. ಆದರೆ ಅಂದಿನಿಂದ ಅವಳು ಮನೆಯಿಂದ ಶಾಲೆ, ಶಾಲೆಯಿಂದ ಮನೆ, ಅಷ್ಟೇ. ಅದರಾಚೆಗೆ ಯಾರು ಕರೆದರೂ ಏನೋ ಒಂದು ನೆಪ.

ನಾದಿನಿ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದಳು. ಆಯಿಲ್ ಇರಬೇಕಾದಷ್ಟೇ ಇತ್ತು. ಮೀಟರೇ ಸುಳ್ಳು ಹೇಳುತ್ತಿರಬಹುದೆಂದು ಸೆನ್ಸರ್ ಬಿಚ್ಚಿ, ಆ ತೂತಿಗೆ ಒತ್ತಡ ಅಳೆಯುವ ತನ್ನದೇ ಗೇಜು ಸಿಕ್ಕಿಸಿದಳು. ಒಂದು ಗಳಿಗೆ ಎಂಜಿನ್ ಓಡಿಸಿ ನಿಲ್ಲಿಸಿದರು. ಅದರ ಮುಳ್ಳೂ ಕೆಳಗೇ ನಡುಗಿತು.

"ಮೀಟರ್ ಪಾಪದ್ದು, ನಿಜಾನೇ ಹೇಳಿದೆ," ಎಂದು ನಾದಿನಿ ಕೈ ಒರೆಸಿಕೊಂಡಳು. "ಒಳಗೆ ಬೇರಿಂಗ್ ಸವೆದಿದ್ರೆ ಮುಗೀತು. ಎಂಜಿನ್ ಇಳಿಸ್ಬೇಕು. ನಾಳೆಗಂತೂ ಆಗೋ ಮಾತಲ್ಲ."

ಈ ಮಾತು ಕಿವಿಗೆ ಬಿದ್ದಾಗ ಅತ್ತಿಗೆಯ ಎದೆ ಹಗುರಾಯಿತು. ಹಗುರಾದದ್ದು ಅವಳಿಗೇ ಗೊತ್ತಾಗಿ ನಾಚಿಕೆಯೂ ಆಯಿತು. ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದ ಅತ್ತೆಯತ್ತ ತಿರುಗಿ, "ಗಾಡಿ ಹೀಗಿದ್ರೆ ಹೇಗೆ ಹೋಗೋದು ಅತ್ತೆ? ಬೇರೆ ದಿನ ಕೇಳೋಣ," ಎಂದಳು.

"ಆಗ್ಲಿ ಬಿಡು. ಇಷ್ಟು ದಿನ ಕಾದ ಕಣ್ಣು, ಇನ್ನೊಂದಿಷ್ಟು ಕಾಯುತ್ತೆ." ಅತ್ತೆಯ ದನಿಯಲ್ಲಿ ಯಾವ ಕೊಂಕೂ ಇರಲಿಲ್ಲ. ಗೋಡೆ ಸವರಿಕೊಂಡು ಒಳಗೆ ಹೋದರು. ಒಂದು ಕುರ್ಚಿ ಕಾಲಿಗೆ ತಾಗಿ ಕಿರುಗುಟ್ಟಿತು. "ನಿಂಗೇನೂ ಆಗ್ಲಿಲ್ಲ ತಾನೆ?" ಎಂದು ಅವರು ಕುರ್ಚಿಯನ್ನೇ ಕೇಳಿದ್ದು ಹೊರಗೂ ಕೇಳಿಸಿತು.

ನಾದಿನಿ ನಕ್ಕಳು. ಅತ್ತಿಗೆಗೆ ನಗು ಬರಲಿಲ್ಲ.

"ಒಂದು ವಿಷ್ಯ ಹೇಳಿ ಅತ್ತಿಗೆ," ಎಂದಳು ನಾದಿನಿ, ಬಾನೆಟ್ಟಿನೊಳಗೆ ತಲೆ ಹುದುಗಿಸಿಕೊಂಡೇ. "ದಿನಾ ಓಡ್ಸೋರು ನೀವು. ಶಾಲೆ ಮುಟ್ಟೋ ಹೊತ್ತಿಗೆ ಮುಳ್ಳು ಎಲ್ಲಿರುತ್ತೆ? ಇನ್ನೂ ಕೆಳಗೆ ಇಳಿಯುತ್ತಾ, ಏರುತ್ತಾ?"

ಕೆಲವು ದಿನಗಳಿಂದ ಅತ್ತಿಗೆ ಅದನ್ನು ನೋಡುತ್ತಲೇ ಇದ್ದಳು; ಯಾರಿಗೂ ಹೇಳಿರಲಿಲ್ಲ. ಇಳಿಯುತ್ತದೆ ಎಂದುಬಿಟ್ಟರೆ ಮುಗಿಯಿತು, ನಾಳೆ ಘಾಟಿ ಹತ್ತುವ ಮಾತು ಅಲ್ಲಿಗೇ ನಿಲ್ಲುತ್ತದೆ. ಒಳಗೆ ಅತ್ತೆ ಲೋಟಕ್ಕಾಗಿ ತಡಕಾಡುತ್ತಿರುವ ಸದ್ದು ಬಂತು.

"ಏರುತ್ತೆ," ಎಂದಳು. "ಬೆಳಿಗ್ಗೆ ಹೀಗೇ ಬಿದ್ದುಕೊಂಡಿರುತ್ತೆ. ಬಿಸಿಯಾದ ಹಾಗೆ ಮೇಲೆ ಬರುತ್ತೆ."

ನಾದಿನಿ ತಟ್ಟನೆ ತಲೆ ಎತ್ತಿದಳು. "ಏರುತ್ತಾ? ಇದನ್ನ ಮೊದ್ಲೇ ಹೇಳೋದಲ್ವಾ! ಬೇರಿಂಗ್ ಹೋಗಿದ್ರೆ ಆಯಿಲ್ ಬಿಸಿಯಾಗಿ ತೆಳ್ಳಗಾದಾಗ ಮುಳ್ಳು ಇಳೀಬೇಕು. ಏರುತ್ತೆ ಅಂದ್ರೆ ಆಯಿಲ್ ಮೇಲೆ ಬರೋ ದಾರಿನೇ ಕಟ್ಟಿಕೊಂಡಿದೆ. ಮಂದ ಇರೋವಾಗ ನುಗ್ಗೋಕಾಗ್ತಿಲ್ಲ, ತೆಳ್ಳಗಾದ್ರೆ ಹೇಗೋ ನುಸುಳ್ತಿದೆ. ಬನ್ನಿ, ಜಾಕು ಹಿಡೀರಿ."

ಇಬ್ಬರೂ ತಣ್ಣನೆಯ ನೆಲದ ಮೇಲೆ ಗೋಣಿತಾಟು ಹಾಸಿ ಮಲಗಿದರು. ಆಯಿಲ್ ಬಸಿದು, ಎಂಜಿನ್ನಿನ ಅಡಿಗೆ ಆಯಿಲ್ ನಿಲ್ಲುವ ತಟ್ಟೆಯ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದರು. ಆಯಿಲ್ ಮೇಲೆತ್ತುವ ಪಂಪಿನ ಬಾಯಿಗಿದ್ದ ಜಾಲರಿ ಹೊರಬಂತು. ಜಾಲರಿ ಎನ್ನುವುದು ಹೆಸರಿಗಷ್ಟೇ. ಕಣ್ಣುಗಳೆಲ್ಲ ಕಪ್ಪು ಕೆಸರು ಮೆತ್ತಿ ಮುಚ್ಚಿಹೋಗಿದ್ದವು.

"ನೋಡಿ ನಿಮ್ಮ ಪ್ರತಾಪ," ಎಂದಳು ನಾದಿನಿ. "ಎಂಜಿನ್ ಸರಿಯಾಗಿ ಕಾಯೋಕ್ಮುಂಚೆ ಶಾಲೆ ಬಂತು, ಆಫ್. ಒಳಗಿನ ತೇವ ಆರೋದೇ ಇಲ್ಲ. ಆಯಿಲ್ ಜೊತೆ ಸೇರ್ಕೊಂಡು ಕೆಸರಾಗುತ್ತೆ. ಪಾಪ, ಗಾಡಿಗೂ ಒಮ್ಮೊಮ್ಮೆ ದೂರ ಹೋಗ್ಬೇಕು ಅನ್ಸಲ್ವಾ?"

ಅತ್ತಿಗೆ ಜಾಲರಿಯನ್ನು ಅವಳ ಕೈಯಿಂದ ತೆಗೆದುಕೊಂಡಳು. ಡೀಸೆಲ್ಲಿನಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಾನೇ ಉಜ್ಜಿದಳು. ಬೆರಳು ಮರಗಟ್ಟಿದರೂ ಬಿಡಲಿಲ್ಲ. ಕೊನೆಗೆ ಬೆಳಕಿಗೆ ಹಿಡಿದಾಗ ಪ್ರತಿ ಕಣ್ಣಿನಲ್ಲೂ ಆಕಾಶ ಕಂಡಿತು.

ತಟ್ಟೆ ತೊಳೆದು, ಫಿಲ್ಟರ್ ಬದಲಿಸಿ, ಚಳಿಗೆ ಒಗ್ಗುವ ತೆಳು ಆಯಿಲ್ ತುಂಬುವಷ್ಟರಲ್ಲಿ ಬಿಸಿಲು ಅಂಗಳ ಬಿಟ್ಟಿತ್ತು. ಎಂಜಿನ್ ಶುರುವಾಯಿತು. ಮುಳ್ಳು ಕ್ಷಣ ತಡೆದು, ಸರಕ್ಕನೆ ಎದ್ದು ನಿಂತಿತು.

"ಅಮ್ಮಾ, ಮುಳ್ಳು ಎದ್ತು!" ನಾದಿನಿ ಕೂಗಿದಳು.

"ಮುಳ್ಳು ಎದ್ರೆ ಸಾಕಾ? ಓಡ್ಸೋರು ಏಳ್ಬೇಡ್ವಾ?" ಎಂದರು ಅತ್ತೆ ಒಳಗಿನಿಂದ.

"ಬೆಳಿಗ್ಗೆ ಬೇಗ ಎಬ್ಬಿಸಿ ಅತ್ತೆ," ಎಂದಳು ಸೊಸೆ. ಆಡಿದ ಮೇಲೆ ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು.

ಮಾರನೆಯ ಬೆಳಿಗ್ಗೆ ಘಾಟಿಯ ತುಂಬ ಮಂಜು. ಅವಳು ಗವಸು ತೊಟ್ಟ ಕೈಗಳಿಂದ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಎರಡನೇ ಗೇರಿನಲ್ಲಿ ಹತ್ತಿದಳು. ಪಕ್ಕದಲ್ಲಿ ನಾದಿನಿ, ಪರೀಕ್ಷೆ ನಡೆಸುವ ಜಾಗವೇ ಇಳಿಜಾರು, ಅದಕ್ಕೇ ತಾನು ಕಂಬಕ್ಕೆ ಗುದ್ದುವುದು ಎಂದು ವಾದಿಸುತ್ತಿದ್ದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಹಿಂದಿನ ಸೀಟಿನಿಂದ ಅತ್ತೆ. ವ್ಯಾನ್ ಇನ್ನಷ್ಟು ದೂರ ಹತ್ತಿದ ಮೇಲೆ ಮೆಲ್ಲಗೆ, "ಆ ತಿರುವು ಬಂತೇನೇ?" ಎಂದು ಕೇಳಿದರು.

"ದಾಟಿ ಆಯ್ತು ಅತ್ತೆ."

"ಹೇಳ್ಲೇ ಇಲ್ಲ ನೀನು."

"ನಂಗೂ ದಾಟಿದ ಮೇಲೇ ಗೊತ್ತಾಗಿದ್ದು."

ಘಾಟಿಯ ನೆತ್ತಿ ಕಳೆದು ರಸ್ತೆ ಆಚೆಯ ಇಳಿಜಾರಿಗೆ ಹೊರಳಿದಾಗ ಮಂಜು ಹಿಂದೆ ಉಳಿಯಿತು. ಎಳೆಬಿಸಿಲು ಒಮ್ಮೆಲೇ ಗಾಜಿನ ಮೇಲೆ ಬಿತ್ತು. ಅವಳು ಮೊದಲು ಎಡಗೈಯ, ಆಮೇಲೆ ಬಲಗೈಯ ಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು ಮಡಿಲಿಗೆ ಹಾಕಿಕೊಂಡು, ಬರಿಗೈಯಲ್ಲಿ ಸ್ಟೀರಿಂಗ್ ಹಿಡಿದಳು.